ಬೋರಲು ಹಾಕಿದ ಚಮಚ

ಸಾಸ್ ಕಾರ್ಖಾನೆಗೆ ಬೀಗ ಬಿದ್ದ ದಿನ ಊರಿಗೆ ಊರೇ ತಲೆಯ ಮೇಲೆ ಕೈ ಹೊತ್ತು ಕೂತಿತ್ತು. ನಮ್ಮ ಯಜಮಾನರು ಮಾತ್ರ ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದು, "ಉಸ್ಸಪ್ಪಾ, ಬದುಕಿದೆ!" ಎಂದರು. ಕೆಲಸ ಕಳೆದುಕೊಂಡವರು ಆಡುವ ಮಾತೇ ಇದು? ನನಗೆ ಮೈಯೆಲ್ಲ ಉರಿದುಹೋಯಿತು.

ಮೊದಲೇ ಅವರ ಮೇಲೆ ಎರಡು ವರ್ಷದ ಸಿಟ್ಟಿತ್ತು. ಕಾರ್ಖಾನೆಯಲ್ಲಿ ಅವರದು ರುಚಿ ನೋಡುವ ಕೆಲಸ. ಅವರು ತಲೆಯಾಡಿಸದೆ ಒಂದು ಬಾಟಲಿಯೂ ಹೊರಗೆ ಹೋಗುತ್ತಿರಲಿಲ್ಲ. 'ನಾಲಿಗೆ ಸಾಹೇಬರು' ಎಂದೇ ಹೆಸರು. ಮನೆಯಲ್ಲೂ ಅದೇ ದರ್ಬಾರು. ಉಪ್ಪು ಒಂದು ಹರಳು ಹೆಚ್ಚಾದರೆ, "ಇದೇನು ಅಡುಗೇನಾ, ಸಮುದ್ರಾನಾ?" ನಾನು ಸುಮ್ಮನಿರುವವಳೇ? ಜಗಳ, ಆಮೇಲೆ ನಗು. ಅಂಥವರು ಎರಡು ವರ್ಷದ ಹಿಂದೆ ಅದೊಂದು ಕೆಟ್ಟ ಜ್ವರದಿಂದ ಎದ್ದ ಮೇಲೆ ಅಡುಗೆಯ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಒಮ್ಮೆ ಬೇಕೆಂದೇ ಉಪ್ಪಿಲ್ಲದೆ ಬಡಿಸಿದೆ. "ಚೆನ್ನಾಗಿದೆ" ಎಂದು ತಿಂದು ಎದ್ದರು. ನಾನು ಇವರಿಗೆ ಬೇಡವಾದೆ ಎಂದು ಒಲೆಯ ಮುಂದೆ ನಿಂತು ಎಷ್ಟು ಅತ್ತಿದ್ದೇನೋ.

"ಕೆಲಸ ಹೋಗಿದೆ, ಹಲ್ಲು ಕಿರೀತಾ ಕೂತಿದೀರಲ್ಲ, ತಲೆ ಕೆಟ್ಟಿದೆಯಾ?" ಎಂದೆ.

"ತಲೆ ಅಲ್ಲ ಕಣೇ, ನಾಲಿಗೆ. ಆ ಜ್ವರ ಬಂದಾಗಿಂದ ಉಪ್ಪೂ ಗೊತ್ತಾಗಲ್ಲ, ಹುಳೀನೂ ಗೊತ್ತಾಗಲ್ಲ."

"ಮತ್ತೆ ಕಾರ್ಖಾನೇಲಿ?"

"ಕೊಪ್ಪರಿಗೆ ಅಕ್ಕ ಕಾಪಾಡಿದಳು."

ಸಾಸ್ ಕುದಿಸುವ ಕೊಪ್ಪರಿಗೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಅವಳು. ತಾನೇ ಮೊದಲು ರುಚಿ ನೋಡಿ ಬಟ್ಟಲು ಕಳಿಸುತ್ತಿದ್ದಳಂತೆ. ಸರಿಯಿದ್ದರೆ ಬಟ್ಟಲಲ್ಲಿ ಚಮಚ ಅಂಗಾತ, ಕೆಟ್ಟಿದ್ದರೆ ಬೋರಲು.

"ದಿನಾ ಎದೆ ಢವಢವ ಅಂತಿತ್ತು. ಗೊತ್ತಾಗಿದ್ರೆ ನನ್ನ ಜೊತೆ ಅವಳ ಮಾನಾನೂ ಹೋಗ್ತಿತ್ತು. ಇನ್ನು ಮೂಟೆ ಹೊರ್ತೀನೋ, ಗಾಡಿ ಓಡಿಸ್ತೀನೋ, ರುಚಿ ನೋಡು ಅನ್ನೋರು ಯಾರೂ ಇಲ್ಲ."

"ನನಗೆ ಹೇಳೋಕೆ ಏನಾಗಿತ್ತು ದಾಡಿ?"

"ನಿನ್ನ ತಂಗಿ ಅಲ್ಲೇ ಪ್ಯಾಕಿಂಗಲ್ಲಿ ಇದ್ದಳಲ್ಲ. ನಿನ್ನ ಬಾಯಲ್ಲಿ ಮಾತು ನಿಲ್ಲುತ್ತಾ?"

ನಿಲ್ಲುವುದಿಲ್ಲ, ನಿಜ. ತಂಗಿಯ ಕೆಲಸವೂ ಹೋಗಿತ್ತು, ನಾಳೆಯ ಚಿಂತೆ ಇದ್ದೇ ಇತ್ತು. ಆದರೂ ಎದೆಯ ಮೇಲಿನ ಕಲ್ಲು ಇಳಿದಂತೆ ಹಗುರಾಗಿಬಿಟ್ಟೆ. ಕೆಟ್ಟದ್ದು ಇವರ ನಾಲಿಗೆಯೇ ಹೊರತು ಮನಸ್ಸಲ್ಲ!

"ನಾನೇ ನಿಮಗೆ ಬೇಡವಾದೆ ಅಂದ್ಕೊಂಡಿದ್ದೆ," ಎಂದೆ.

ಅವರು ಬೆಪ್ಪಾಗಿ ನೋಡಿದರು. "ಅಯ್ಯೋ ಹುಚ್ಚಿ" ಎಂದು ಕೈ ಹಿಡಿದುಕೊಂಡರು.

ಊಟಕ್ಕೆ ಕೂತಾಗ ತಟ್ಟೆಯನ್ನು ನನ್ನತ್ತ ಸರಿಸಿ, "ನೀನೇ ನೋಡಿ ಹೇಳು, ಹೇಗಿದೆ?" ಎಂದರು. ಒಂದು ತುತ್ತು ಬಾಯಿಗಿಟ್ಟೆ. ಅಳುತ್ತಾ ನಗುತ್ತಾ ಮಾಡಿದ ಅಡುಗೆ, ಎರಡು ಸಲ ಉಪ್ಪು ಬಿದ್ದಿತ್ತು.

ಚಮಚವನ್ನು ತಟ್ಟೆಯಲ್ಲಿ ಬೋರಲು ಹಾಕಿದೆ.

ಅವರು ಹುಬ್ಬು ಗಂಟಿಕ್ಕಿದರು. "ಇದೇನು ಅಡುಗೇನಾ, ಸಮುದ್ರಾನಾ?"

ಎರಡು ವರ್ಷದ ಮೇಲೆ ಬೈಸಿಕೊಂಡ ನಾನು ಕಣ್ಣು ಒರೆಸಿಕೊಂಡು, ಸೆರಗು ಸಿಕ್ಕಿಸಿ, ಜಗಳಕ್ಕೆ ನಿಂತೆ.