ತಿಮ್ಮಕ್ಕನ ನಾಲಗೆ

ತಿಮ್ಮಕ್ಕನಿಗೆ ಮುಂದಿನ ಹಲ್ಲುಗಳು ಇರಲಿಲ್ಲ. ಅವಳ ಕೆಲಸಕ್ಕೆ ಅದರಿಂದ ಅನುಕೂಲವೇ ಆಗಿತ್ತು. ರಾಗಿ ತೂರುವಾಗ ಕಣ್ಣಿಗೆ ಹೊಟ್ಟು ಬಿದ್ದವರು ಅವಳ ಜಗಲಿಗೆ ಬರುತ್ತಿದ್ದರು. ಅವಳು ರೆಪ್ಪೆ ಎತ್ತಿ ಹಿಡಿದು ನಾಲಗೆಯ ತುದಿಯಿಂದ ಆ ಹೊಟ್ಟನ್ನು ತೆಗೆಯುತ್ತಿದ್ದಳು.

ಈಗ ಪಕ್ಕದ ಮನೆಯ ಹಾಲಮ್ಮ ಜಗಲಿಯ ಕಂಬಕ್ಕೆ ತಲೆ ಒರಗಿಸಿ ಕೂತಿದ್ದಳು. ತಿಮ್ಮಕ್ಕ ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು, ಬಾಯಿ ಮುಕ್ಕಳಿಸಿ, ಬಗ್ಗಿದಳು.

"ಅಲುಗಾಡ್ಬ್ಯಾಡ ಕಣೇ. ಗಂಡನ್ ತಾವ ಇಷ್ಟು ನಾಚ್ಕೊಂಡಿದ್ರೆ ಐದು ಮಕ್ಳಾಗ್ತಿದ್ವಾ?"

"ನಿನ್ ಬಾಯಿ ವಾಸ್ನೆ ಕಣೇ ತಿಮ್ಮಕ್ಕ. ಮೊದ್ಲು ಬೇಗ ಮುಗ್ಸು."

ನಾಲಗೆ ಒಮ್ಮೆ ಆಡಿತು. ತಿಮ್ಮಕ್ಕ ಅಂಗೈಗೆ ಉಗಿದಳು. ಹೊಟ್ಟು ಬಂದಿತ್ತು, ಅದರ ಜೊತೆಗೆ ರಕ್ತವೂ. ಹಾಲಮ್ಮ ಕಣ್ಣು ಮುಚ್ಚಿಕೊಂಡು ಅಯ್ಯಯ್ಯೋ ಎಂದಳು. ರಕ್ತ ಅವಳ ಕಣ್ಣಿನದಲ್ಲ, ತಿಮ್ಮಕ್ಕನ ವಸಡಿನದು.

ಈ ಕೆಲಸವನ್ನು ಕಲಿಸಿದವಳು ತಿಮ್ಮಕ್ಕನ ಅತ್ತೆ. ಎರಡು ಕಟ್ಟಳೆ ಹಾಕಿಕೊಟ್ಟಿದ್ದಳು. ಯಾರಿಂದಲೂ ಒಂದು ಹಿಡಿ ರಾಗಿಯನ್ನೂ ತೆಗೆದುಕೊಳ್ಳಬಾರದು. ಬಂದವರನ್ನು ವಾಪಸು ಕಳಿಸಬಾರದು. ಅತ್ತೆ ಸತ್ತ ಮೇಲೂ ತಿಮ್ಮಕ್ಕ ಎರಡನ್ನೂ ಮೀರಿರಲಿಲ್ಲ. ಉಂಬಳಿಯಿಲ್ಲದ, ಗಂಡನೂ ಇಲ್ಲದ ಅವಳಿಗೆ ಸೀಗೆಕಟ್ಟೆ ಊರಿನಲ್ಲಿ ಒಂದು ಮರ್ಯಾದೆ ಇದ್ದರೆ ಅದು ಈ ನಾಲಗೆಯಿಂದ.

ರಕ್ತ ನಿಲ್ಲದೆ ಇದ್ದುದರಿಂದ ಅವಳು ಊರಾಚೆಯ ಆಸ್ಪತ್ರೆಗೆ ಹೋದಳು. ಆಸ್ಪತ್ರೆ ಎಂದರೆ ಎರಡು ಕೋಣೆ, ಒಂದು ಬೆಂಚು. ತರೀಕೆರೆ ಕಡೆಯ ಹೊಸ ಡಾಕ್ಟರು ಮಲ್ಲಿಕಾರ್ಜುನಯ್ಯ, ಹಳೆಯ ಕಾಂಪೌಂಡರ್ ಬಸವರಾಜ. ಡಾಕ್ಟರು ಬ್ಯಾಟರಿ ಬಿಟ್ಟು ವಸಡನ್ನು ಒತ್ತಿದರು. ಕೀವು ಬಂತು.

"ಹೊಗೆಸೊಪ್ಪು ಬಿಡಿ. ದವಡೆ ಹಲ್ಲು ಎರಡು ಕೀಳಬೇಕು."

"ಸಾರ್, ನಮ್ಮೂರ ಕಣ್ಣಿನ ಡಾಕ್ಟ್ರು ಈಯಮ್ಮನೇ," ಎಂದು ಬಸವರಾಜ ನಗುತ್ತಾ ನಾಲಗೆಯ ವಿಷಯ ಹೇಳಿದ.

ಡಾಕ್ಟರು ನಗಲಿಲ್ಲ. "ಇನ್ಮೇಲೆ ಅದನ್ನ ಮಾಡಬೇಡಿ. ಈ ಕೀವು ತಗುಲಿದರೆ ಕಣ್ಣೇ ಹೋಗುತ್ತೆ."

"ಇಲ್ಲೀಗಂಟ ಯಾರ್ದೂ ಹೋಗಿಲ್ಲ."

"ಯಾರ ಕಣ್ಣೂ ಊದಿಕೊಂಡೂ ಇಲ್ವಾ?"

ತಿಮ್ಮಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹಿಂದಿನ ಸುಗ್ಗಿಯಲ್ಲಿ ಅವಳ ಹತ್ತಿರ ಹೊಟ್ಟು ತೆಗೆಸಿಕೊಂಡು ಹೋದ ಮೇಲೆ ಊರಿನ ಗಿರಿಯಪ್ಪನ ಕಣ್ಣು ಊದಿ, ಪಿಸುರು ಕಟ್ಟಿ, ತಿಂಗಳೊಪ್ಪತ್ತು ಕಾಡಿತ್ತು. ದೃಷ್ಟಿಯಾಗಿದೆ ಎಂದು ಎಲ್ಲರೂ ಹೇಳಿದ್ದರು. ಅವಳೂ ಹಾಗೆಯೇ ಹೇಳಿದ್ದಳು. ಬಸವರಾಜ ಅವಳ ವಸಡಿಗೆ ನೇರಳೆ ಬಣ್ಣದ ಔಷಧಿ ಬಳಿದು ಕಳಿಸಿದ.

ಆ ವಾರವೇ ಅವಳ ಮಗ ಮುದ್ದಪ್ಪನ ಕಣ್ಣಿಗೆ ಹೊಟ್ಟು ಬಿತ್ತು.

ಮುದ್ದಪ್ಪ ಕಡೂರು–ಪಂಚನಹಳ್ಳಿ ನಡುವೆ ಓಡುವ ಒಂದು ಖಾಸಗಿ ಬಸ್ಸಿನ ಡ್ರೈವರು. ಬಹಳ ವರ್ಷ ಕ್ಲೀನರ್ ಆಗಿದ್ದು, ಟಾಪಿನ ಮೇಲೆ ಕುರಿ ಏರಿಸಿ, ಡ್ರೈವರುಗಳ ಬೈಗುಳ ತಿಂದು, ಎಂಬತ್ತೊಂದನೇ ಇಸವಿಯಲ್ಲಿ ಲೈಸೆನ್ಸು ಪಡೆದಿದ್ದ. ಅದಕ್ಕೆ ಪ್ಲಾಸ್ಟಿಕ್ ಕವರು ಹಾಕಿಸಿ ಎದೆಯ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಬೆಳಗಿನ ಟ್ರಿಪ್ಪು ಮುಗಿಸಿ, ತಾಯಿಗೆ ನೆರವಾಗಲೆಂದು ಕಣಕ್ಕೆ ಇಳಿದಿದ್ದ. ಗಾಳಿ ತಿರುಗಿತು. ಎಡಗಣ್ಣು ಹಿಡಿದುಕೊಂಡು ಬಂದವನು ಯಾರೂ ಹೇಳದೆ ತಾನೇ ಕಂಬಕ್ಕೆ ತಲೆ ಒರಗಿಸಿದ.

"ತೆಗಿಯವ್ವ, ಬಿರ್‍ನೆ. ಮೂರು ಗಂಟೆ ಟ್ರಿಪ್ಪೈತೆ."

ತಿಮ್ಮಕ್ಕ ಚೊಂಬಿನ ನೀರು ಬಾಯಿಗೆ ಹಾಕಿಕೊಂಡಳು. ಉಗಿದಳು. ನೀರಿನಲ್ಲಿ ನೇರಳೆಯ ಜೊತೆ ಕೆಂಪೂ ಇತ್ತು.

"ಆಸ್ಪತ್ರೆಗೆ ಹೋಗಪ್ಪ."

"ತಮಾಷೆ ಮಾಡ್ಬ್ಯಾಡ. ಉರಿ ತಡಿಯಾಕಾಗಲ್ಲ."

"ಹೋಗು ಅಂದ್ನಲ್ಲ."

ಮೊರ ಹಿಡಿದು ಬಂದಿದ್ದ ಹಾಲಮ್ಮ ಜಗಲಿಯ ಮುಂದೆಯೇ ನಿಂತಳು. "ಊರೋರ್ ಕಣ್ಣೆಲ್ಲಾ ನೆಕ್ಕಿದೋಳು, ಹೆತ್ತ ಮಗನ್ ಕಣ್ಣು ಅಂದ್ರೆ ಯಾಕೇ ಹಿಂಗೆ?"

"ಹೆತ್ತ ಮಗ ಅಂತ್ಲೇ ಕಣೇ."

ಹಾಲಮ್ಮ ಮೊರ ಕೆಳಗಿಟ್ಟಳು. "ಅಂಗಾದ್ರೆ ನನ್ ಕಣ್ಣು?" ಎಂದಳು. ತಿಮ್ಮಕ್ಕ ಚೊಂಬು ಬೋರಲು ಹಾಕಿ ಒಳಗೆ ಹೋದಳು. ಮುದ್ದಪ್ಪ ಬೈಯುತ್ತಾ ಎದ್ದು ಆಸ್ಪತ್ರೆಯ ದಾರಿ ಹಿಡಿದ.

ಡಾಕ್ಟರು ಇರಲಿಲ್ಲ. ಕಡೂರಿನಲ್ಲಿ ಸಂತಾನಹರಣ ಆಪರೇಷನ್ನಿನ ಕ್ಯಾಂಪು ನಡೆದಿತ್ತು. ಮೇಲಿನವರು ಹೇಳಿದಷ್ಟು ಕೇಸು ತುಂಬಿಸಲು ಅವರನ್ನೂ ಕರೆಸಿಕೊಂಡಿದ್ದರು. ಬಸವರಾಜ ಬ್ಯಾಟರಿ ಬಿಟ್ಟು ನೋಡಿದ, ನೀರು ಹೊಯ್ದು ತೊಳೆದ. ಮೇಲಿನ ರೆಪ್ಪೆಯನ್ನು ಮಗುಚಿ ನೋಡುವುದು ಅವನಿಗೆ ಗೊತ್ತಿರಲಿಲ್ಲ. ಏನೂ ಕಾಣಿಸದ್ದರಿಂದ ಹೊಟ್ಟು ಹೋಗಿದೆ ಎಂದ. ಕೆಂಗಣ್ಣಾದ ಯಾರಿಗೋ ಡಾಕ್ಟರು ಬರೆದುಕೊಟ್ಟಿದ್ದ ಔಷಧಿಯ ಪುಟ್ಟ ಬಾಟ್ಲು ಬೀರುವಿನಲ್ಲಿ ಇನ್ನೊಂದಿತ್ತು. ಅದನ್ನು ಕೊಟ್ಟ. "ಎರಡೆರಡು ತೊಟ್ಟು ಬಿಟ್ಕೊ. ಕೆಂಪೂ ಇಳಿಯುತ್ತೆ, ಉರೀನೂ ಇಳಿಯುತ್ತೆ."

ಇಳಿಯಿತು. ಸಂಜೆಯ ಹೊತ್ತಿಗೆ ಕಣ್ಣು ಬೆಳ್ಳಗಿತ್ತು. ಮುದ್ದಪ್ಪ ಟ್ರಿಪ್ಪು ತಪ್ಪಿಸಲಿಲ್ಲ. "ನೋಡ್ದಾ, ಡಾಕ್ಟ್ರು ಹೇಳಿದ್ದೇ ಸರಿ," ಎಂದು ತಿಮ್ಮಕ್ಕ ಹಾಲಮ್ಮನಿಗೆ ಹೇಳಿದಳು. ಕಣ್ಣು ಚುಚ್ಚಿದಂತಾದಾಗಲೆಲ್ಲ ಮುದ್ದಪ್ಪ ಸ್ಟೇರಿಂಗಿನ ಮುಂದೆಯೇ ತಲೆ ಹಿಂದಕ್ಕೆ ಹಾಕಿ ಎರಡು ತೊಟ್ಟು ಬಿಟ್ಟುಕೊಳ್ಳುತ್ತಿದ್ದ. ಪ್ರಯಾಣಿಕರು ಕಾಯುತ್ತಿದ್ದರು. ಡಾಕ್ಟರು ಕ್ಯಾಂಪಿನಿಂದ ವಾಪಸು ಬಂದರು. ಕಣ್ಣು ಕೆಂಪಗಿಲ್ಲವಲ್ಲ ಎಂದು ಅವನು ತೋರಿಸಲು ಹೋಗಲಿಲ್ಲ. ಒಂದು ದಿನ ಎದುರಿನಿಂದ ಬಂದ ಲಾರಿಯ ದೀಪ ಎರಡರ ಬದಲು ಒಂದೇ ಹೊಗೆಯ ಉಂಡೆಯಂತೆ ಕಂಡಿತು. ತಿಮ್ಮಕ್ಕ ಅವನ ಮುಖವನ್ನು ಬೆಳಕಿಗೆ ಹಿಡಿದು ನೋಡಿದಳು. ಕಣ್ಣಿನ ಕರಿಯ ಭಾಗದ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಕೂತಿತ್ತು.

ಈ ಸಲ ಅವಳೂ ಜೊತೆಗೆ ಹೋದಳು. ಡಾಕ್ಟರು ಬೆಂಕಿಕಡ್ಡಿಯ ಮೇಲೆ ರೆಪ್ಪೆ ಮಗುಚಿದರು. ಹೊಟ್ಟು ಅಲ್ಲೇ ಅಂಟಿಕೊಂಡಿತ್ತು. ಹತ್ತಿಯ ಬತ್ತಿಯಿಂದ ಅದನ್ನು ತೆಗೆದು, ಮುದ್ದಪ್ಪ ತಂದಿದ್ದ ಬಾಟ್ಲನ್ನು ಕೈಗೆತ್ತಿಕೊಂಡರು.

"ಇದನ್ನ ಯಾರು ಕೊಟ್ಟಿದ್ದು?"

ಬಸವರಾಜ ಕಿಟಕಿಯ ಕಡೆ ನೋಡುತ್ತಿದ್ದ.

"ಇದು ಕೆಂಪು ಇಳಿಸುತ್ತೆ ಕಣ್ರೀ. ಒಳಗಿನ ಹುಣ್ಣನ್ನ ಬೆಳೆಸುತ್ತೆ." ಅವರು ಬಾಟ್ಲನ್ನು ಮೇಜಿನ ಮೇಲಿಟ್ಟು, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆಯತೊಡಗಿದರು.

"ಸಾಮಿ," ಎಂದಳು ತಿಮ್ಮಕ್ಕ. "ಅವತ್ತು ನಾನೇ ತೆಗ್ದಿದ್ರೆ?"

"ನೀವು ಬಾಯಿ ಹಾಕಿದ್ರೂ ಕಣ್ಣು ಹೋಗ್ತಿತ್ತು."

"ಹೋಗೇ ಹೋಗ್ತಿತ್ತಾ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಅವರ ವಯಸ್ಸು ಮುದ್ದಪ್ಪನಷ್ಟೇ ಇದ್ದಿರಬಹುದು. "ಹೋಗಬಹುದಿತ್ತು," ಎಂದರು. ಮತ್ತೆ ಬರೆದರು.

ಶಿವಮೊಗ್ಗದಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಮಲಗಿಸಿಕೊಂಡರು. ಬಿಳಿ ಹರಡಿ ಕಣ್ಣನ್ನೆಲ್ಲ ತುಂಬಿತು. ಅಷ್ಟರಲ್ಲಿ ಮಾಲೀಕರು ಬಸ್ಸನ್ನು ರೇವಣಪ್ಪ ಎಂಬ ಬೇರೆ ಡ್ರೈವರನ ಕೈಗೆ ಕೊಟ್ಟಿದ್ದರು. ಲೈಸೆನ್ಸನ್ನು ಆರ್.ಟಿ.ಓ. ಆಫೀಸಿಗೆ ಒಪ್ಪಿಸುವಂತೆ ಹೇಳಿ ಕಳಿಸಿದ್ದರು.

ತಾಯಿ ಮಗ ಕಡೂರಿನಿಂದ ಊರಿಗೆ ಬಂದದ್ದು ಅದೇ ಬಸ್ಸಿನಲ್ಲಿ. ರೇವಣಪ್ಪ ಹಿಂದಕ್ಕೆ ತಿರುಗಿ, "ಮುದ್ದಣ್ಣ, ಮುಂದಕ್ಕೆ ಬಾ, ಬಾನೆಟ್ ಮೇಲೆ ಜಾಗ ಐತೆ," ಎಂದ.

"ಇಲ್ಲೇ ಇರ್ಲಿ ಬಿಡು. ಗೇರ್ ಬದ್ಲಾಯ್ಸೋವಾಗ ಕ್ಲಚ್ ಪೂರ್ತಿ ತುಳಿ, ಕಿರ್ ಅಂತೈತೆ."

"ಆಯ್ತು ಕಣಣ್ಣ."

ಬಸ್ಸು ಹೊರಟಿತು. ತಿಮ್ಮಕ್ಕ ಮಗನ ಎಡಕ್ಕೆ ಕೂತಿದ್ದಳು. ಅವನು ನೆಟ್ಟಗೆ ರಸ್ತೆಯನ್ನೇ ನೋಡುತ್ತಿದ್ದ, ಹಳ್ಳ ಬಂದಾಗ ಅವನ ಬಲಗಾಲು ತಾನಾಗಿ ಕಾಲಡಿಯ ಹಲಗೆಯನ್ನು ಒತ್ತುತ್ತಿತ್ತು. ಅವಳು ಅವನ ಮುಖವನ್ನು ದಾರಿಯುದ್ದಕ್ಕೂ ನೋಡಿದಳು. ಆ ಕಡೆಯಿಂದ ನೋಡಿದರೆ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಹೋದದ್ದು ಒಂದು ಕಣ್ಣು, ಒಂದು ಲೈಸೆನ್ಸು.