ಹನ್ನೊಂದು ಸಲ ಒತ್ತಿದ ಗುಂಡಿ

"ನಿನ್ನ ಫೋನು ಅವಳ ಕೈಗೆ ಹೇಗೆ ಹೋಯ್ತು ಅಂತ ಕೇಳ್ತಿದೀನಿ. ಬಾಯಲ್ಲಿ ಏನಾದ್ರೂ ತುಂಬ್ಕೊಂಡಿದೀಯಾ? ಗುಡ್ಡ ಇಳಿದು ಲೀಮಾಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡೋದು ನಿಮ್ಮ ಜನಕ್ಕೆ ಇನ್ನೂ ಬರ್ಲಿಲ್ಲ."

ಕಂಪನಿಯ ಮೇಲ್ವಿಚಾರಕ ರೆನ್ಸೊ ಪೆನ್ನಿನ ತುದಿಯಿಂದ ಮೇಜು ಕುಟ್ಟುತ್ತಿದ್ದ. ಸತುರ್ನಿನಾ ನಿಂತೇ ಇದ್ದಳು. ಎದುರಿಗೆ ಕುರ್ಚಿ ಇತ್ತು. ಪ್ರತಿ ಗುರುವಾರ ಅದರ ನಾಲ್ಕು ಕಾಲನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುವವಳು ಅವಳೇ. ಕೂರು ಅಂತ ಯಾರೂ ಹೇಳಿರಲಿಲ್ಲ.

"ನಾನೇ ಕೊಟ್ಟೆ ಸಾರ್."

"ಯಾಕೆ?"

"ಮಾರ್ಲೆನಿ ಫೋನಲ್ಲಿ ಗುಂಡಿ ಇರ್ಲಿಲ್ಲ. ನಂದ್ರಲ್ಲಿ ಇತ್ತು."

ರೆನ್ಸೊ ಅವಳನ್ನೇ ಒಂದು ಕ್ಷಣ ನೋಡಿದ. ಆಮೇಲೆ ನಕ್ಕ.

ಗುಂಡಿ ಬಂದು ಮೂರು ತಿಂಗಳಾಗಿತ್ತು. ಮನೆ ಸ್ವಚ್ಛ ಮಾಡುವ ಹೆಂಗಸರನ್ನು ಫೋನಿನ ಮೂಲಕವೇ ಕರೆಸಿಕೊಳ್ಳುವ ಕಂಪನಿ ಅದು. ಬೆಳಿಗ್ಗೆ ಎದ್ದು ತಮ್ಮ ನಂಬರು ಹಾಕಿದರೆ ಇಂಥ ಬೀದಿ, ಇಂಥ ಮನೆ, ಇಷ್ಟು ಗಂಟೆ ಎಂದು ಬರುತ್ತಿತ್ತು. ಕೆಲಸ ಮುಗಿದ ಮೇಲೆ ಮನೆಯವರು ಮೆಚ್ಚಿದಷ್ಟು ನಕ್ಷತ್ರ ಕೊಡುತ್ತಿದ್ದರು. ಸತುರ್ನಿನಾಳ ನಂಬರು ನಲವತ್ತು ಸಾವಿರದ ಏಳುನೂರ ಹದಿನೆಂಟು. ಒಂದು ದಿನ ಅದರ ಕೆಳಗೆ ದುಂಡಗೆ, ಕೆಂಪಗೆ ಒಂದು ಗುಂಡಿ ಮೂಡಿತು. 'ಸಹಾಯ' ಎಂದಿತ್ತು. ಸುರ್ಕಿಯೊ ಪಾರ್ಕಿನ ಮೂಲೆಯಲ್ಲಿ ಬಿಸಿ ಕಿನುವಾ ಗಂಜಿ ಮಾರುವ ಗಾಡಿಯ ಸುತ್ತ ಅವತ್ತು ಬರೀ ಅದೇ ಮಾತು. ಕೆಲವರಿಗೆ ಕೆಂಪು ಬಂದಿತ್ತು, ಕೆಲವರಿಗೆ ಹಸಿರು, ಅರ್ಧಕ್ಕರ್ಧ ಜನಕ್ಕೆ ಬಂದೇ ಇರಲಿಲ್ಲ.

"ಒಳ್ಳೆ ನಕ್ಷತ್ರ ಇರೋರ್ಗೆ ಕೊಟ್ಟವ್ರೆ ಬುಡು," ಎಂದಿದ್ದಳು ಎಲ್ಲರಿಗಿಂತ ಹಿರಿಯಳಾದ ಒಬ್ದುಲಿಯಜ್ಜಿ. "ನಂಗ್ಯಾಕೆ ಕೊಡ್ತಾರೆ? ಹೋದ ತಿಂಗ್ಳು ಆ ಯಪ್ಪನ ಮೀನಿನ ತೊಟ್ಟಿ ತೊಳೆದು ಎಲ್ಡು ಮೀನು ಸಾಯಿಸ್ದೋಳು ನಾನು."

"ಮೀನು ಗುಂಡಿ ಒತ್ತಿದ್ವೇನೋ ಅಜ್ಜಿ," ಎಂದಳು ಮಾರ್ಲೆನಿ. ಗೆಣಸು ತುಂಬಿದ ಬನ್ನು ಬಾಯಲ್ಲಿಟ್ಟುಕೊಂಡೇ ಎಲ್ಲರೂ ನಕ್ಕಿದ್ದರು.

ನಗು ನಿಂತ ಮೇಲೆ ಅಲ್ಲೇ ಒಂದು ಕಟ್ಟಳೆ ಮಾಡಿಕೊಂಡರು. ಯಾವ ಮನೆ ಕೆಟ್ಟದ್ದು ಅನ್ನುವುದು ಅವರಿಗೆಲ್ಲ ಬಾಯಿಪಾಠ. ಬರೀ ಟವಲು ಸುತ್ತಿಕೊಂಡು ಬಾಗಿಲು ತೆಗೆಯುವವನ ಮನೆ, ಕೆಲಸ ಮುಗಿದ ಮೇಲೆ ಮೈ ತಡವಿ ನೋಡುವ ಮನೆ, ನಾಯಿ ಛೂ ಬಿಡುವ ಮನೆ. ಅಂಥ ಕಡೆಗೆ ಯಾರೂ ಹೋಗುತ್ತಿರಲಿಲ್ಲ. ನಕ್ಷತ್ರ ಕಳೆದುಕೊಂಡರೂ ಸರಿ, ಬೇಡ ಅನ್ನುತ್ತಿದ್ದರು. ಇನ್ನು ಮುಂದೆ ಹೋಗಬಹುದು. ಗುಂಡಿ ಇಲ್ಲದವಳಿಗೆ ಅಂಥ ಮನೆ ಬಿದ್ದರೆ, ಅವತ್ತು ಕೆಲಸವಿಲ್ಲದೆ ಮನೆಯಲ್ಲಿರುವವಳು ತನ್ನ ಗುಂಡಿಯ ಫೋನನ್ನು ಕೊಟ್ಟು ಕಳಿಸಬೇಕು. ಫೋನನ್ನು ರವಿಕೆಯೊಳಗೆ ಇಟ್ಟುಕೊಳ್ಳಬೇಕು. ಏನಾದರೂ ಆದರೆ ಕೂಗಾಡಬಾರದು, ಕೂಗಿದರೆ ಕೆರಳುತ್ತಾರೆ. ಒತ್ತಬೇಕು.

ಆ ಕೊನೆಯ ಮಾತು ಸತುರ್ನಿನಾಳದು.

"ನೋಡು," ರೆನ್ಸೊ ಈಗ ದನಿ ತಗ್ಗಿಸಿದ. "ಫೋನು ನಿಂದು. ಮನೆ ಇದ್ದಿದ್ದು ಅವಳ ಹೆಸರಲ್ಲಿ. ಒತ್ತಿದ್ದು ಅವಳು, ನಮಗೆ ಕಾಣೋದು ನಿನ್ನ ನಂಬರು. ಸಹಾಯ ಎಲ್ಲಿಗೆ ಹೋಗ್ಬೇಕು ಹೇಳು? ಮನೇಲಿ ಬೇಳೆ ಬೇಯಿಸ್ತಾ ಕೂತಿದ್ದ ನಿನ್ನ ಹತ್ರಕ್ಕಾ? ನೀವೇ ಕೆಡಿಸಿದ್ರಿ. ನೀನು ಕೊಡದೆ ಇದ್ದಿದ್ರೆ ಅವಳ ಕಾಲು ನೆಟ್ಟಗಿರ್ತಿತ್ತು."

ವಾರದಿಂದ ಸತುರ್ನಿನಾಳ ಮನಸ್ಸು ಸುತ್ತುತ್ತಿದ್ದುದು ಅದರ ಸುತ್ತಲೇ. ಹೌದು, ಹಾಗೇ ಆಗಿರಬೇಕು.

"ಇಲ್ಲಿ ಸಹಿ ಹಾಕು. ತಪ್ಪು ನಂದು ಅಂತ, ಅಷ್ಟೆ. ಬೇರೆ ಯಾರಾದ್ರೂ ಆಗಿದ್ರೆ ಇವತ್ತೇ ಕಿತ್ತು ಹಾಕ್ತಿದ್ದೆ. ನೀನು ನಮ್ಮ ಆಫೀಸಿನವಳು. ಗುರುವಾರ ಬಾ, ನಿನ್ನಷ್ಟು ಚೆನ್ನಾಗಿ ಯಾರೂ ಕಾಫಿ ಮಾಡಲ್ಲ."

ಸಂಜೆ ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ ಅವಳು ತನ್ನ ಪೂರ್ತಿ ಹೆಸರು ಬರೆದಳು. ಒಂದು ಅಕ್ಷರ ಗೀಟಿನಿಂದ ಕೆಳಗೆ ಜಾರಿತು. ನಿಮ್ಮಿಂದ ದೊಡ್ಡ ಉಪಕಾರವಾಯಿತು ಸಾರ್ ಎಂದೂ ಹೇಳಿದಳು.

*

ಮಾರ್ಲೆನಿಯ ಗುಡಿಸಲು ಗುಡ್ಡದ ನೆತ್ತಿಯಲ್ಲಿ. ಹಳದಿ ಬಣ್ಣ ಬಳಿದ ಮೆಟ್ಟಿಲು ಇನ್ನೂರು ದಾಟಿದ ಮೇಲೆ ಬಣ್ಣ ಮುಗಿದು ಬರೀ ಮಣ್ಣು. ಹಲಗೆ ಗೋಡೆ, ಹೊರಗೆ ನೀಲಿ ನೀರಿನ ಪೀಪಾಯಿ. ಮಂಜು ಸೂರಿನ ತಗಡಿನಿಂದ ತೊಟ್ಟಿಕ್ಕುತ್ತಿತ್ತು. ಮಾರ್ಲೆನಿ ಪ್ಲಾಸ್ಟರು ಹಾಕಿದ ಕಾಲನ್ನು ಅಕ್ಕಿ ಚೀಲದ ಮೇಲೆ ಚಾಚಿ ಮಲಗಿದ್ದಳು.

ಸತುರ್ನಿನಾ ಸೂಪಿನ ಡಬ್ಬಿ ಇಟ್ಟು, ಆಫೀಸಿಗೆ ಹೋದ ಸಂಗತಿ ಹೇಳಿದಳು. "ತಪ್ಪು ನಮ್ದೇ ಅಂತೆ ಕಣೆ. ಫೋನು ಅದಲು ಬದಲು ಮಾಡ್ಕಂಡಿದ್ಕೆ ಗುಂಡಿಗೆ ದಾರಿ ತಪ್ತಂತೆ."

ಮಾರ್ಲೆನಿ ತಗಡನ್ನೇ ನೋಡುತ್ತಿದ್ದಳು.

"ಆ ಮನೆ ಯಜಮಾನ ಬೋಳಿಮಗ ನನ್ನ ಮ್ಯಾಲಿನ ಕ್ವಾಣೆಗೆ ತಳ್ಳಿ ಚಿಲ್ಕ ಹಾಕ್ದಾಗ ಹನ್ನೊಂದು ಗಂಟೆ," ಎಂದಳು. "ನೀ ಕದ್ದಿರೋ ಗಡಿಯಾರ ಸಿಗೋಗಂಟ ಇಲ್ಲೇ ಕೊಳಿ ಅಂದ. ನನ್ ಫೋನು, ಬ್ಯಾಗು ಕಿತ್ಕಂಡ. ನಿಂದು ರವಿಕೇಲಿತ್ತು. ಅದ್ರಲ್ಲಿ ಕರೆನ್ಸಿ ಇರ್ಲಿಲ್ಲ, ಆಪು ಮಾತ್ರ ಓಡ್ತಿತ್ತು. ಪೋಲೀಸ್ರಿಗೆ ಮಾಡುದ್ರೆ ಮೊದ್ಲು ನನ್ನೇ ಬಿಚ್ಚಿ ನೋಡ್ತಾರೆ. ಗುಂಡಿ ಒತ್ತಿದೆ. 'ನಿಮ್ಮ ಕೋರಿಕೆ ತಲುಪಿದೆ, ನೀವು ಒಬ್ಬರೇ ಅಲ್ಲ' ಅಂತ ಬಂತು."

"ಬಂತಾ?"

"ಪ್ರತಿ ಸಲಾನೂ ಬಂತು. ಹನ್ನೊಂದು ಸಲ ಒತ್ತಿದೀನಿ ಸತಕ್ಕ. ಪಕ್ಕದ ಮನೇಲಿ ಗಾರೆ ಕೆಲ್ಸದೋರು ಹಾಡ್ಕಂಡು ಗ್ವಾಡೆ ಕಟ್ತಿದ್ರು. ಒಂದು ಕೂಗು ಹಾಕಿದ್ರೆ ಏಣಿ ತರ್ತಿದ್ರು. ನಾ ಕೂಗ್ಲಿಲ್ಲ. ಬತ್ತಾರೆ, ಬತ್ತಾರೆ ಅಂತ ಬಾಯಿ ಮುಚ್ಕಂಡು ಕೂತಿದ್ದೆ. ನಾಕು ಗಂಟೆಗೆ ಅವ್ರೆಲ್ಲ ಮನೇಗೋದ್ರು." ಅವಳು ತಲೆ ಹೊರಳಿಸಿದಳು. "ಆಮೇಲೆ ಆ ಮುಂಡೇದು ಕುಡ್ದು ಮೆಟ್ಲು ಹತ್ತೋ ಸದ್ದು ಕೇಳ್ತು. ಕಿಟಕೀಲಿ ತೂರಿ ಹಾರಿದೆ."

ಗಡಿಯಾರ ಮಾರನೆಯ ದಿನ ಅವನ ಕಾರಿನಲ್ಲೇ ಸಿಕ್ಕಿತ್ತು. ಫೋನು, ಬ್ಯಾಗು ವಾಪಸು ಕಳಿಸಿದ್ದ.

"ಕೂಗ್ಬ್ಯಾಡ, ಒತ್ತು ಅಂದೋಳು ನೀನು," ಎಂದಳು ಮಾರ್ಲೆನಿ. "ಈಗ ಅವ್ರ ಪರವಾಗಿ ಮಾತಾಡಕ್ಕೆ ಬಂದಿದೀಯ. ಸೂಪು ತಕ್ಕಂಡೋಗು."

ಸತುರ್ನಿನಾ ಡಬ್ಬಿ ಮುಟ್ಟಲಿಲ್ಲ. ಅಲ್ಲೇ ಬಿಟ್ಟು ಮೆಟ್ಟಿಲಿಳಿದಳು.

*

ಆಫೀಸು ಇದ್ದದ್ದು ಬರ್ರಾಂಕೊದ ಒಂದು ಹಳೆಯ ಶ್ರೀಮಂತರ ಮನೆಯಲ್ಲಿ. ಮಾಳಿಗೆಯ ಮೇಲಿದ್ದ ಬಟ್ಟೆ ಒಗೆಯುವ ಕೋಣೆಗೆ ಸುಣ್ಣ ಬಳಿದು, ಉದ್ದದ ಮೇಜು ಹಾಕಿ ಸಭೆಯ ಕೋಣೆ ಮಾಡಿದ್ದರು. ಕಿಟಕಿಗೆ ಹಿಂದಿನ ಕಾಲದ ಕಬ್ಬಿಣದ ಸರಳು ಹಾಗೇ ಇತ್ತು. ಬಾಗಿಲಿಗೆ ಹೊರಗಡೆ ಚಿಲಕವೂ ಇತ್ತು. ಆಳುಗಳನ್ನು ಕರೆಯಲು ಹಿಂದಿನ ಯಜಮಾನಿ ಹಾಕಿಸಿದ್ದ ಬೆಲ್ಲನ್ನೂ ಬಿಟ್ಟಿದ್ದರು. ಮೇಲೆ ಒತ್ತಿದರೆ ಕೆಳಗೆ ಅಡುಗೆಮನೆಯಲ್ಲಿ ಹೊಡೆದುಕೊಳ್ಳುತ್ತಿತ್ತು. ಹಳೆಯದು ನೋಡಲು ಚೆಂದ ಎಂದು ಫಿಯೊರೆಲ್ಲಾ ಹೇಳುತ್ತಿದ್ದಳು. ಆ್ಯಪಿನಲ್ಲಿ ಕಾಣುವುದನ್ನೆಲ್ಲ ಬರೆಯುವವಳು, ಬಣ್ಣ ಆರಿಸುವವಳು ಅವಳು.

ಗುರುವಾರ ಮಧ್ಯಾಹ್ನದ ಸಭೆಗೆ ಒಂದು ನೇಮವಿತ್ತು. ಗಮನ ಕೆಡಬಾರದೆಂದು ಎಲ್ಲರೂ ತಮ್ಮ ಫೋನುಗಳನ್ನು ಬೆತ್ತದ ಬುಟ್ಟಿಗೆ ಹಾಕಿ ಸತುರ್ನಿನಾಳ ಕೈಗೆ ಕೊಡಬೇಕು. ಕಂಪ್ಯೂಟರೂ ಒಯ್ಯುವಂತಿಲ್ಲ, ಬಿಳಿ ಹಲಗೆ, ಪೆನ್ನು ಅಷ್ಟೆ. ಉಳಿದವರು ಊಟಕ್ಕೆ ಹೊರಗೆ ಹೋಗಿದ್ದರು. ಅವತ್ತು ರೆನ್ಸೊ, ಫಿಯೊರೆಲ್ಲಾ ಮತ್ತು ಸಾಂಟಿಯಾಗೊದಿಂದ ಬಂದ ದೊಡ್ಡ ಸಾಹೇಬರು ಮಾತ್ರ ಮೇಲಿದ್ದರು.

ಕಾಫಿ ತಟ್ಟೆ ಹಿಡಿದು ಒಳಗೆ ಕಾಲಿಟ್ಟಾಗ ಅವಳು ಮೊದಲು ನೋಡಿದ್ದು ಹಲಗೆಯನ್ನು. ಅಲ್ಲಿ ಅವಳ ಗುಂಡಿ ಇತ್ತು. ಕೆಂಪು ಪೆನ್ನಿನಲ್ಲಿ ಬರೆದ ಚಿತ್ರ. ಪಕ್ಕದಲ್ಲಿ ಹಸಿರು. ಅದರ ಪಕ್ಕ ಖಾಲಿ ಚೌಕ.

"ಒತ್ತಿದರೆ ಏನಾಗತ್ತೆ?" ಸಾಹೇಬರು ಕೇಳಿದರು.

"ಏನೂ ಆಗಲ್ಲ ಸರ್," ಎಂದಳು ಫಿಯೊರೆಲ್ಲಾ. "ಹಿಂದೆ ಏನೂ ಇಲ್ಲ. ಬರೀ ಚಿತ್ರ. ಜನ ಒತ್ತುತ್ತಾರಾ, ಎಷ್ಟು ಒತ್ತುತ್ತಾರೆ ಅಂತ ನೋಡೋ ಪ್ರಯೋಗ. ಕೆಂಪಾದ್ರೆ ಜಾಸ್ತಿ ಒತ್ತುತ್ತಾರೆ. ಥ್ಯಾಂಕ್ಯೂ ಸತು ಅಮ್ಮಾ, ನನಗೆ ಹಾಲು ಬೇಡ."

"ಅರ್ಧ ಜನಕ್ಕೆ ಕೊಟ್ಟಿಲ್ಲ ಯಾಕೆ?"

"ಹೋಲಿಸಿ ನೋಡೋಕೆ ಸರ್," ಎಂದ ರೆನ್ಸೊ. "ತಮಾಷೆ ಅಂದ್ರೆ, ಗುಂಡಿ ಬಂದ ಮೇಲೆ ಯಾರೂ ಒಪ್ಪದೇ ಇದ್ದ ಮನೆಗಳನ್ನೂ ಒಪ್ಕೊಳ್ತಿದಾರೆ. ಧೈರ್ಯ ಬಂದಿದೆ."

"ಮತ್ತೆ ನಿಜವಾದ್ದನ್ನ ಕಟ್ಟಿಸೋದು ಯಾಕ್ರೀ? ಇದೇ ಕೆಲಸ ಮಾಡ್ತಿದೆಯಲ್ಲ," ಎಂದರು ಸಾಹೇಬರು.

ಮೂವರೂ ನಕ್ಕರು. ಸತುರ್ನಿನಾ ಕೊನೆಯ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಯಾರೂ ತಿರುಗಿ ನೋಡಲಿಲ್ಲ.

"ಇದೇನು, ಕೆಳಗೆ ಗೀಟು ಹೊಡೆದು ಹಾಕಿರೋದು?"

"ಅದೊಂದು ವಿಚಿತ್ರ ನಂಬರು. ಒಂದೇ ದಿನ ಹನ್ನೊಂದು ಸಲ ಒತ್ತಿದೆ. ಸೇರಿಸಿದರೆ ಸರಾಸರಿ ಕೆಡತ್ತೆ ಅಂತ ತೆಗೆದುಬಿಟ್ವಿ," ಎಂದಳು ಫಿಯೊರೆಲ್ಲಾ.

"ಸತು, ಸಕ್ಕರೆ," ಎಂದ ರೆನ್ಸೊ.

ಅವಳು ಕೆಳಗಿಳಿದಳು. ಸಕ್ಕರೆ ಡಬ್ಬಿ ಹುಡುಕಿದಳು, ಕಣ್ಣೆದುರೇ ಇತ್ತು. ಹಲಗೆಯ ಮೇಲಿನ ನಂಬರು ತನಗೆ ಸರಿಯಾಗಿ ಓದಲು ಬಂತೋ ಇಲ್ಲವೋ ಎಂಬ ಅನುಮಾನ. ದೊಡ್ಡವರ ಮಾತು, ಅರ್ಧ ಕೇಳಿದೆನೋ ಏನೋ. ಸುಮ್ಮನೆ ಒಬ್ಬರ ಮೇಲೆ ಹೊರಿಸಬಾರದು. ಮತ್ತೆ ಹತ್ತಿದಳು. ಸಕ್ಕರೆ ಇಟ್ಟು ಹಲಗೆಯ ಹತ್ತಿರಕ್ಕೆ ಹೋಗಿ, ಸಂಜೆ ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ, ಒಂದೊಂದೇ ಅಂಕಿಯ ಕೆಳಗೆ ಬೆರಳಿಟ್ಟು ಓದಿದಳು. ನಾಲ್ಕು. ಸೊನ್ನೆ. ಏಳು. ಒಂದು. ಎಂಟು.

"ಸಾರ್, ಇದು ನನ್ ನಂಬ್ರ."

ರೆನ್ಸೊನ ಮುಖದಲ್ಲಿ ಏನೋ ಬಂದು ಹೋಯಿತು. ಸಾಹೇಬರ ಕಡೆ ನೋಡಿದ. "ಅದು ಬರೀ ನಂಬರಮ್ಮಾ."

"ದಾರಿ ತಪ್ತು ಅಂದ್ರಿ. ನಾವೇ ಕೆಡಿಸಿದ್ವಿ ಅಂದ್ರಿ. ಸಹಿ ಹಾಕಿಸ್ಕಂಡ್ರಿ. ದಾರೀನೇ ಇರ್ಲಿಲ್ಲ ಅಲ್ವಾ ಸಾರ್?"

"ಏಯ್, ಇಲ್ಲಿ ಸಭೆ ನಡೀತಿದೆ. ಕಾಣ್ಸಲ್ವಾ? ಬಾಗಿಲು ಎಳ್ಕೊಂಡು ಹೊರಗೆ ಹೋಗು."

ಅವಳು ಬಾಗಿಲು ಎಳೆದುಕೊಂಡಳು. ಚಿಲಕ ತುಕ್ಕು ಹಿಡಿದಿತ್ತು. ಎರಡೂ ಕೈ ಹಾಕಿ ಎಳೆದಾಗ ಸರಿಯಾಗಿ ಕೂತಿತು.

ಅಡುಗೆಮನೆಯಲ್ಲಿ ಅವಳು ಯಾವತ್ತೂ ಕೂರದ ಕುರ್ಚಿಯ ಮೇಲೆ ಕೂತಳು. ಏನು ಮಾಡಿದೆ ನಾನು, ಹೋಗಿ ತೆಗೆದುಬಿಡಲೇ ಎಂದುಕೊಂಡಳು. ಬಹಳ ಹೊತ್ತಿನ ಮೇಲೆ ಬೆಲ್ಲು ಹೊಡೆಯಿತು. ಚಿಕ್ಕದಾಗಿ, ಮರ್ಯಾದೆಯಿಂದ. ಕಾಫಿ ಬೇಕಾದಾಗ ಹೊಡೆಯುವ ಹಾಗೆ.

ಸಾಮಾನಿನ ಪಟ್ಟಿಯ ಕಾಗದ ಎಳೆದುಕೊಂಡು ಅವಳು ಒಂದು ಗೀಟು ಹಾಕಿದಳು.

ಎರಡನೆಯದು ಸ್ವಲ್ಪ ಉದ್ದ. ಮೂರನೆಯದರ ಜೊತೆಗೆ ಬಾಗಿಲು ಗುದ್ದುವ ಸದ್ದು. ಬುಟ್ಟಿಯೊಳಗೆ ಯಾರದೋ ಫೋನು ತಾನಾಗಿ ನಡುಗಿ ಸುಮ್ಮನಾಯಿತು. ಅವಳು ಎದ್ದು ಮೆಟ್ಟಿಲ ಬುಡಕ್ಕೆ ಹೋಗಿ ಕತ್ತೆತ್ತಿದಳು.

"ನಿಮ್ಮ ಕೋರಿಕೆ ತಲುಪಿದೆ," ಎಂದು ಕೂಗಿದಳು. "ನೀವು ಒಬ್ಬರೇ ಅಲ್ಲ."

ಮೇಲಿನಿಂದ ರೆನ್ಸೊ ಬೈಯತೊಡಗಿದ. ಗುಡ್ಡದ ಹಲ್ಕಾ ಮುಂಡೆ ಎಂದ. ಫಿಯೊರೆಲ್ಲಾ ಅಮ್ಮಾ, ಪ್ಲೀಸ್ ಅಮ್ಮಾ ಎಂದಳು. ಬೆಲ್ಲು ಎಡೆಬಿಡದೆ ಹೊಡೆಯಿತು. ಅದನ್ನು ಒಂದು ಎಂದೇ ಲೆಕ್ಕ ಹಿಡಿದಳು.

ಐದನೆಯದಕ್ಕೂ ಗೀಟು ಹಾಕಿ, ಗೋಡೆಯ ಫೋನೆತ್ತಿ ಮಾರ್ಲೆನಿಯ ನಂಬರು ತಿರುಗಿಸಿದಳು.

"ಇಡ್ಬ್ಯಾಡ ಕಣೆ," ಎಂದಳು. "ನಾನು. ಕೇಳು ಸುಮ್ನೆ." ರಿಸೀವರನ್ನು ಬೆಲ್ಲಿನ ಹತ್ತಿರಕ್ಕೆ ಎತ್ತಿ ಹಿಡಿದಳು. ಆರನೆಯದು ಹೊಡೆಯಿತು.

"ಏನೇ ಅದು?"

"ಒತ್ತುತಾವ್ರೆ. ಗುಂಡಿಗೆ ದಾರೀನೇ ಇರ್ಲಿಲ್ಲ ಮಾರ್ಲೆನಿ. ಬರೀ ಚಿತ್ರ ಬರ್ದು ಕೊಟ್ಟಿದ್ರು. ನಾವು ಎಷ್ಟು ಸಲ ಒತ್ತುತೀವಿ ಅಂತ ನೋಡಕ್ಕೆ."

ಆ ಕಡೆಯಿಂದ ತಗಡಿನ ಮೇಲೆ ಹನಿ ಬೀಳುವ ಸದ್ದು ಮಾತ್ರ. ಸತುರ್ನಿನಾ ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದಳು. ಏಳು ಹೊಡೆಯಿತು. ಎಂಟು. ಬೀದಿಯ ಬಾಗಿಲನ್ನು ಯಾರೋ ಲಾಠಿಯಿಂದ ತಟ್ಟತೊಡಗಿದರು. ಕೂಗಾಟ ಕೇಳಿ ಬಂದ ಕಾವಲಿನವನಿರಬೇಕು. ಬೆಲ್ಲು ಮತ್ತೆ ಹೊಡೆಯಿತು.

"ಸತಕ್ಕ."

"ಹೇಳೇ."

"ಎಷ್ಟಾಯ್ತು?"

"ಒಂಬತ್ತು."

ಬೀದಿ ಬಾಗಿಲ ಹಲಗೆ ಎಲ್ಲೋ ಸೀಳಿದ ಸದ್ದಾಯಿತು. ಸತುರ್ನಿನಾ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಕಾಗದವನ್ನು ನೆಟ್ಟಗೆ ಮಾಡಿ, ಪೆನ್ಸಿಲಿನ ತುದಿ ನೆಕ್ಕಿ ಇನ್ನೆರಡಕ್ಕೆ ಕಾದು ಕೂತಳು.