ತಪಾಸಣೆಗೆ ಇನ್ನೂ ಹತ್ತೊಂಬತ್ತು ದಿನ

ಡ್ರೈವರ್ ಹಮೂಂಗಾನ ಫೋನು ಬಂದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. "ಅಮ್ಮಾ, ನಮ್ಮ ಸೋದರಮಾವ ತೀರ್ಕೊಂಡ್ರು. ಕಲ್ಲಿದ್ದಲ ಲಾರಿ ಹತ್ತಿ ಕಣಿವೆಗೆ ಹೊರಟಿದೀನಿ. ಇವತ್ತಿಗೆ ಬೇರೆ ಡ್ರೈವರ್ ನೋಡ್ಕೊಳ್ಳಿ," ಎಂದ. ಅಷ್ಟರಲ್ಲಿ ಲೈನು ಕಟ್ಟಾಯಿತು.

ಅಮ್ಮ ಅಂದರೆ ಬಿನಾ ಲ್ವೀಂಡೋ. ಮಗಳು ಲ್ವೀಂಡೋ ಹುಟ್ಟಿದಂದಿನಿಂದ ಚೋಮಾ ಊರು ಅವಳನ್ನು ಕರೆಯುವುದೇ ಹಾಗೆ, ಲ್ವೀಂಡೋನ ತಾಯಿ ಎಂದು. ಪೇಟೆಯಲ್ಲಿ ಹೊಲಿಗೆ ಅಂಗಡಿ, ಜೊತೆಗೆ ಒಂದು ಮಿನಿಬಸ್ಸು. ಬಸ್ಸು ಬೆಳಿಗ್ಗೆ ಬಟೋಕಾ ಊರು ದಾಟಿ ಘಟ್ಟ ಇಳಿದು ಕಣಿವೆಯ ಸರೋವರದ ಮೀನು ದಂಡೆಗೆ ಹೋಗುತ್ತದೆ, ಸಂಜೆ ಒಣ ಕಪೆಂಟಾ ಮೀನಿನ ಮೂಟೆಗಳನ್ನು ಹೇರಿಕೊಂಡು ಹತ್ತಿ ಬರುತ್ತದೆ.

ಆ ಬಸ್ಸಿನ ಬ್ರೇಕು ಕೆಟ್ಟಿತ್ತು. ಹನ್ನೊಂದು ದಿನದ ಹಿಂದೆಯೇ ಹಮೂಂಗಾ ಹೇಳಿದ್ದ: "ಒಂದು ಸಲಕ್ಕೆ ಪೆಡಲ್ಲು ಸೀದಾ ಕೆಳಗೆ ಹೋಗತ್ತೆ ಅಮ್ಮಾ. ಎರಡನೇ ಸಲ ತುಳಿದ್ರೆ ಹಿಡಿಯತ್ತೆ." ಹೊಸ ಬ್ರೇಕ್ ಶೂಗಳು ಬಂದು ಬೀರುವಿನ ಮೇಲೆ ಡಬ್ಬದಲ್ಲಿ ಕೂತಿದ್ದವು. ಹಾಕಿಸಲು ಅರ್ಧ ದಿನ ಸಾಕು. ಆದರೆ ಫಿಟ್‌ನೆಸ್ ತಪಾಸಣೆ ಇಪ್ಪತ್ತೆಂಟನೇ ತಾರೀಕು. ಹೋದ ವರ್ಷ ಮೊದಲೇ ಹಾಕಿಸಿ, ಘಟ್ಟದಲ್ಲಿ ಅವು ಸವೆದು, ತಪಾಸಣೆಯವನು ಟಾರ್ಚು ಬಿಟ್ಟು ನೋಡಿ ಆಗಲ್ಲ ಎಂದು ತಲೆಯಾಡಿಸಿ, ಬಸ್ಸು ಮೂರು ವಾರ ಮನೆ ಮುಂದೆ ನಿಂತಿತ್ತು. ಈ ಸಲ ಹಿಂದಿನ ದಿನವೇ ಹಾಕಿಸುವುದು, ಅಲ್ಲಿಯವರೆಗೆ ಎರಡು ಸಲ ತುಳಿಯುವುದು ಎಂದು ತೀರ್ಮಾನವಾಯಿತು. ತೀರ್ಮಾನ ಅವಳದು, ತುಳಿಯುವ ಕಾಲು ಹಮೂಂಗಾನದು. ಊರಿನಲ್ಲಿ ಇದನ್ನು ತಪ್ಪು ಎನ್ನುವವರು ಯಾರೂ ಇಲ್ಲ, ಎಲ್ಲರೂ ಮಾಡುವುದು ಇದನ್ನೇ.

ಬದಲಿಗೆ ಸಿಕ್ಕವನು ಮುಲೆಯಾ, ಮೂವತ್ತು ವರ್ಷ ಲಾರಿ ಓಡಿಸಿ ಮನೆ ಹಿಡಿದವನು. ಬಸ್‌ಸ್ಟ್ಯಾಂಡಿನಲ್ಲಿ ಗಾಡಿಗೆ ಒಂದು ಸುತ್ತು ಹಾಕಿ, ಟೈರು ಒದ್ದು ಕೇಳಿದ: "ಏನಾದ್ರೂ ಕಾಯಿಲೆ ಇದ್ರೆ ಈಗ್ಲೇ ಹೇಳಿಬಿಡಮ್ಮ." ಒಳಗೆ ಸೀಟು ತುಂಬಾ ಜನ, ಕಿಟಕಿಯ ಪಕ್ಕ ಸಾವಿನ ಮನೆಗೆ ಹೊರಟ ಹೆಂಗಸರು.

"ಏನೂ ಇಲ್ಲ ಅಣ್ಣಾ. ಹೊರಡಿ, ಹೊತ್ತಾಯ್ತು," ಎಂದಳು ಬಿನಾ ಲ್ವೀಂಡೋ.

ಅಂಗಡಿಗೆ ಬಂದು ಸೂಜಿಗೆ ದಾರ ಪೋಣಿಸುವಾಗ ಬ್ರೇಕಿನ ವಿಷಯ ನೆನಪಾಯಿತು. ನೆನಪಾಯಿತು ಎಂದೇ ಅವಳು ಹೇಳಿಕೊಂಡಳು. ಮುಲೆಯಾನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಗಾಡಿ ಓಡಿಸುವಾಗ ಫೋನು ಮುಟ್ಟದ ಮನುಷ್ಯ ಈ ಜಿಲ್ಲೆಯಲ್ಲಿ ಒಬ್ಬನಿದ್ದರೆ ಅವನು ಮುಲೆಯಾ, ಅವನೇ ಇವತ್ತು ಸಿಗಬೇಕಿತ್ತು. ಗಿರಾಕಿಯೊಬ್ಬಳು ರವಿಕೆಯ ಅಳತೆ ಕೊಡುತ್ತಿದ್ದಳು. ಒಂದು ತೋಳು ಅಳೆದವಳು ಇನ್ನೊಂದನ್ನು ಬಿಟ್ಟು ಎದ್ದಳು. ಮನೆಗೆ ಓಡಿ ಬ್ರೇಕ್ ಶೂಗಳ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಟ್ಯಾಕ್ಸಿ ಹತ್ತಿದಳು. ಡಬ್ಬ ಯಾಕೆ ಎಂದು ಯೋಚಿಸಲೂ ನಿಲ್ಲಲಿಲ್ಲ.

"ನಿಮ್ಮ ಬಸ್ಸನ್ನ ನೀವೇ ಬೆನ್ನಟ್ಟೋದಾ? ಒಳ್ಳೆ ಕತೆ," ಎಂದ ಟ್ಯಾಕ್ಸಿಯವನು. ಕನ್ನಡಿಯಲ್ಲಿ ಡಬ್ಬ ನೋಡಿ ನಕ್ಕ. "ಓ, ಫಿಟ್‌ನೆಸ್ ಹತ್ರ ಬಂತು. ನನ್ನ ಹೊಸ ಟೈರು ನಾಲ್ಕೂ ಮಂಚದ ಕೆಳಗೆ ಮಲಗಿವೆ ಅಮ್ಮಾ. ಬರೋ ತಿಂಗಳು ಎಬ್ಬಿಸ್ತೀನಿ."

"ಹಾಗಾದ್ರೆ ಈಗ ಇರೋದು?"

"ಈಗಿರೋದನ್ನ ನೋಡೋಕೆ ಹೋಗ್ಬೇಡಿ."

ಅವಳಿಗೆ ನಗು ಬರಲಿಲ್ಲ. ಜೋರಾಗಿ ಹೋಗು ಎನ್ನಲೂ ಭಯ, ಮೆಲ್ಲಗೆ ಹೋಗು ಎನ್ನಲೂ ಭಯ. ಬಟೋಕಾದಲ್ಲಿ ಟೊಮ್ಯಾಟೊ ಮಾರುವವಳು, ಬಸ್ಸು ಆಗಲೇ ಹೋಯಿತು ಎಂದು ಕೈಯಲ್ಲೇ ದಾರಿ ತೋರಿಸಿದಳು. ಅಲ್ಲಿಂದ ಮುಂದೆ ಬಿನಾ ಲ್ವೀಂಡೋ ಸೀಟಿನ ತುದಿಯಲ್ಲೇ ಕೂತಳು. ಪ್ರತಿ ತಿರುವಿನಲ್ಲೂ ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು, ಒಂದು ಸಲ, ಮತ್ತೊಂದು ಸಲ. ದೂರದಲ್ಲಿ ಹೊಗೆ ಕಂಡು, ಬಸ್ಸೇ ಇರಬೇಕು ಎಂದುಕೊಂಡಳು. ಹತ್ತಿರ ಹೋದರೆ ಯಾರೋ ಇದ್ದಿಲು ಸುಡುತ್ತಿದ್ದರು.

ಘಟ್ಟ ಶುರುವಾಗುವ ನೆತ್ತಿಯಲ್ಲೇ ಬಸ್ಸು ನಿಂತಿತ್ತು. ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಜನ ಮರದ ನೆರಳಲ್ಲಿ ಕೂತಿದ್ದರು. ಅವಳು ತಲೆಗಳನ್ನು ಎಣಿಸುತ್ತ ಇಳಿದಳು. ಎಲ್ಲರೂ ಇದ್ದರು. ಟ್ಯಾಕ್ಸಿಯ ಬಾಗಿಲು ಹಾಕಿ ಅವರ ಕಡೆ ನಡೆದಳು.

"ಈ ಹುಡುಗಿ ಪಕ್ಕದಲ್ಲಿ ಕೂತು, ಎರಡು ಸಲ ತುಳೀರಿ ಅಣ್ಣಾ, ಒಂದು ಸಲಕ್ಕೆ ಹಿಡಿಯಲ್ಲ ಅಂದ್ಲು," ಎಂದ ಮುಲೆಯಾ. "ಇಲ್ಲಿವರೆಗೆ ತುಳಿದೆ. ಇಲ್ಲಿಂದ ಕೆಳಗೆ ನಾನು ಇಳಿಸಲ್ಲ."

ಹುಡುಗಿ ಎಂದರೆ ಹಮೂಂಗಾನ ಹೆಂಡತಿ ಮಿಯೋಬಾ. ಬೆನ್ನಿಗೆ ಕಟ್ಟಿದ ಕೂಸು ನಿದ್ದೆಹೋಗಿತ್ತು.

"ದೇವರು ಬಂದ ಹಾಗೆ ಬಂದೆ ಕಣೇ," ಬಿನಾ ಲ್ವೀಂಡೋ ಅವಳ ಕೈ ಹಿಡಿದುಕೊಂಡಳು. "ನಂಗೆ ಮರೆತೇ ಹೋಗಿತ್ತು."

ಮಿಯೋಬಾ ಕೈ ಬಿಡಿಸಿಕೊಳ್ಳಲಿಲ್ಲ, ಮುಖ ಎತ್ತಲೂ ಇಲ್ಲ. "ನಾನಾಗಿ ಕೂತಿದ್ದಲ್ಲಮ್ಮ. ನಮ್ಮನೆಯವರು ಲಾರಿ ಹತ್ತೋ ಮುಂಚೆ ಹೇಳಿಹೋದ್ರು. ಮುಂದಿನ ಸೀಟಲ್ಲೇ ಕೂತ್ಕೋ, ಯಾರು ಓಡಿಸಿದ್ರೂ ನೀನೇ ಹೇಳು ಅಂದ್ರು. ಅಮ್ಮ ಹೇಳಲ್ಲ ಅಂದ್ರು."

"ಮರೀತಾರೆ ಅಂದಿರ್ಬೇಕು."

"ಇಲ್ಲಮ್ಮ. ಹೇಳಲ್ಲ ಅಂದ್ರು."

ಬಿನಾ ಲ್ವೀಂಡೋಗೆ ಕೋಪ ಬಂತು. ಆರು ವರ್ಷ ಅನ್ನ ಹಾಕಿದ ಮನೆಯ ಬಗ್ಗೆ ಇಂಥ ಮಾತೇ? ಆಣೆ ಮಾಡಿ ಹೇಳಲು ಮುಲೆಯಾನ ಕಡೆ ತಿರುಗಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಬಗ್ಗಿ ಚಕ್ರದ ಕಲ್ಲನ್ನು ಸರಿಮಾಡುತ್ತಿದ್ದ. ತಲೆಗೆ ಬಟ್ಟೆ ಕಟ್ಟಿದ ಮುದುಕಿಯೊಬ್ಬಳು ನೆರಳಿನಿಂದಲೇ ಕೇಳಿದಳು: "ಹೊರಡೋವಾಗ ಇವನು ನಿನ್ನನ್ನ ಕೇಳಲಿಲ್ವೇನಮ್ಮ? ನಾನು ಕಿಟಕಿ ಪಕ್ಕ ಇದ್ದೆ."

ಗಾಳಿಗೆ ದೂಳು ಎದ್ದು ಕಣ್ಣಿಗೆ ಬಂತು. ಅವಳು ಒರೆಸಿಕೊಳ್ಳಲಿಲ್ಲ.

"ಕೇಳಿದ್ರು," ಎಂದಳು. "ನಂಗೆ ಆಗ ನೆನಪಿತ್ತು."

ಮುದುಕಿ ಎದ್ದಳು. ಗಂಟು ತಲೆಗೇರಿಸಿಕೊಂಡು ನಡೆದೇ ಘಟ್ಟದ ರಸ್ತೆ ಹಿಡಿದಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದರು. ಮಿಯೋಬಾ ಕೊನೆಯವಳಾಗಿ ಕೈ ಬಿಡಿಸಿಕೊಂಡು ಅವರ ಹಿಂದೆ ನಡೆದಳು.